ಪತ್ತನಾಜೆಯವರೆಗೆ ನಿಲ್ಲಿಸಿದ ನೀರು

ಕೊನೆಯ ಸಾಧಾರಣ ದಿನ ಒಂದು ಭಾನುವಾರ. ಮೇ ತಿಂಗಳು. ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಲು ಹಾಕುತ್ತಿದ್ದೆವು. ಅಮ್ಮ ಬೇಯಿಸಿದ ಹಲಸನ್ನು ರುಬ್ಬಿ ಉಂಡೆ ಮಾಡಿ ಕೊಡುತ್ತಿದ್ದಳು. ತಮ್ಮ ಆ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತುತ್ತಿದ್ದ. ನಾನು ಜಗಲಿಯಲ್ಲಿ ಗೆರಸೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆ.

“ಅಕ್ಕ, ನಿನ್ನ ಗೆರಸೆಯಿಂದ ಎಷ್ಟು ಹೊಗೆ ಆಕಾಶಕ್ಕೆ ಹೋಗ್ತದೆ ಅಂತ ಗೊತ್ತುಂಟಾ ನಿನಗೆ?” ಎಂದ.

“ನಿನ್ನ ಕಾಲೇಜಿನ ಫೀಸು ಆ ಹೊಗೆಯಿಂದಲೇ ಬಂದದ್ದು. ಅದೂ ಗೊತ್ತಿರಲಿ.”

“ಹಾಗಾದರೆ ನಾನು ಹೊಗೆಯ ದುಡ್ಡಲ್ಲಿ ಹೊಗೆಯ ವಿರುದ್ಧ ಓದ್ತಾ ಇದ್ದೇನೆ.”

“ಹಪ್ಪಳ ದಪ್ಪ ಆಯ್ತು ಮಾರಾಯ,” ಎಂದಳು ಅಮ್ಮ. “ಭೂಮಿಯನ್ನು ಆಮೇಲೆ ಉಳಿಸು. ಮೊದಲು ಸರಿ ಒತ್ತು.”

ನಾವು ಮನೆಯಲ್ಲಿ, ಊರಿನಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೂ ಅವನ ದನಿ ನನಗೆ ಹಾಗೆಯೇ ಕೇಳುತ್ತದೆ.

ಮರುದಿನ ಸಂಜೆ ಅವನು ತೋಡಿನ ನೀರಿನಲ್ಲಿ ಹೋದ.

ನಾನು ಬರೆಯುವವಳಲ್ಲ. ಹತ್ತನೇ ಕ್ಲಾಸು ಮುಗಿಸಿ ಬೀಡಿಗೆ ಕುಳಿತವಳು. ಅಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅಳುವುದಕ್ಕೆ ಕಾಗದ ಬೇಡ. ನಮ್ಮ ಊರಿನಲ್ಲಿ ಒಂದು ಮಾತು ತಿರುಗುತ್ತಿದೆ: ಹುಡುಗನಿಗೆ ಅವಸರ ಇತ್ತು, ಹಿರಿಯರ ಮಾತು ಕೇಳಲಿಲ್ಲ, ಹೋದ. ಈ ಮಾತು ಸುಳ್ಳು. ಸುಳ್ಳೆಂದು ಅದನ್ನು ಹೇಳುವವರಿಗೇ ಗೊತ್ತು. ಅವರು ಯಾವ ಚಾವಡಿಯಲ್ಲಿ ಕುಳಿತು ಅವನ ಮಾತನ್ನು ತಳ್ಳಿಹಾಕಿದರೋ, ಅದೇ ಚಾವಡಿಯಲ್ಲಿ ಅವನು ಹೇಳಿದ್ದು ಸರಿಯಿತ್ತು ಎಂದು ಹೇಳಬೇಕು. ನನಗೆ ಬೇಕಾದದ್ದು ಅಷ್ಟೇ.

ಬೆಳ್ತಂಗಡಿಯಿಂದ ಚಾರ್ಮಾಡಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಊರು. ಘಾಟಿಯ ಕಡೆಯ ಗುಡ್ಡಗಳಿಂದ ಬರುವ ಒಂದು ಸಣ್ಣ ಹೊಳೆ, ಆ ತೋಡು, ಊರಿನ ನಡುವೆ ಹಾದುಹೋಗುತ್ತದೆ. ಹಿಂದೆ ಪ್ರತಿ ವರ್ಷ ಮಳೆಗಾಲ ಮುಗಿದು ನೀರು ಸಣ್ಣದಾಗುವ ಹೊತ್ತಿಗೆ ಊರವರೆಲ್ಲ ಸೇರಿ ತೋಡಿಗೆ ಅಡ್ಡವಾಗಿ ಕಟ್ಟ ಹಾಕುತ್ತಿದ್ದರು. ಕಲ್ಲು, ಮರದ ಕಂಬ, ಸೊಪ್ಪು, ಮಣ್ಣು. ಅದು ಒಂದು ಬೇಸಗೆಯ ಮಟ್ಟಿಗಿನ ಒಡ್ಡು. ನೀರು ಹಿಂದಕ್ಕೆ ನಿಂತು ಗದ್ದೆಗೆ ಬರುತ್ತಿತ್ತು, ಬಾವಿಗಳಿಗೆ ಇಳಿಯುತ್ತಿತ್ತು. ಮಳೆಗಾಲದ ಮೊದಲು ಅದನ್ನು ಬಿಡಿಸುತ್ತಿದ್ದರು. ಅಮ್ಮ ಮದುವೆಯಾಗಿ ಬಂದಾಗ ಆ ನೀರಿನಿಂದ ಬೇಸಗೆಯಲ್ಲಿಯೂ ಒಂದು ಬೆಳೆ ಭತ್ತ ತೆಗೆಯುತ್ತಿದ್ದರಂತೆ. ಆಮೇಲೆ ಬೋರ್‌ವೆಲ್ ಬಂತು. ಕಟ್ಟ ಹಾಕುವುದು ನಿಂತಿತು. ಮೇಲಿನ ದೊಡ್ಡಮನೆಯ ಯಜಮಾನರು ಒಂದು ಬೋರ್ ಹೊಡೆಸಿದರು, ಅದು ಬತ್ತಿದಾಗ ಇನ್ನೊಂದು ಹೊಡೆಸಿದರು. ನಮ್ಮಂಥವರ ಬಾವಿಯಲ್ಲಿ ಏಪ್ರಿಲ್ ಬಂದರೆ ಕೊಡಪಾನ ತಳಕ್ಕೆ ಬಡಿಯುತ್ತಿತ್ತು.

ತಮ್ಮ ಮೂಡಬಿದಿರೆಯಲ್ಲಿ ಡಿಗ್ರಿ ಓದುತ್ತಿದ್ದ. ವಾರವಿಡೀ ಪುತ್ತಿಗೆಯಲ್ಲಿ ನಮ್ಮ ಅತ್ತೆಯ ಮನೆಯಲ್ಲಿದ್ದು ಶನಿವಾರ ಊರಿಗೆ ಬರುತ್ತಿದ್ದ. ಒಂದು ಶನಿವಾರ ತಲೆಗೆ ಹಸಿರು ಬಣ್ಣದ ಟೋಪಿ ಹಾಕಿಕೊಂಡು ಬಂದ. ಹವಾಮಾನ ಬದಲಾವಣೆಯ ಬಗ್ಗೆ ಜಾಥಾ ಇತ್ತಂತೆ.

“ಏನು ಮಾಡಿದಿರಿ?” ಎಂದು ಕೇಳಿದೆ.

“ಬಸ್‌ಸ್ಟ್ಯಾಂಡಿನವರೆಗೆ ಘೋಷಣೆ ಕೂಗಿದೆವು. ಐಸ್‌ಕ್ರೀಂ ತಿಂದೆವು. ವಾಪಸ್ ಬಂದೆವು. ಭೂಮಿ ಸ್ವಲ್ಪ ತಂಪಾಗಿರಬೇಕು.”

ಟೋಪಿಯನ್ನು ಮೊಳೆಗೆ ಸಿಕ್ಕಿಸಿ ಅಮ್ಮನ ಹತ್ತಿರ ಕುಳಿತ. ತೋಡಿನಲ್ಲಿ ಎಲ್ಲಿಯವರೆಗೆ ನೀರಿರುತ್ತಿತ್ತು, ಯಾವ ತಿಂಗಳವರೆಗೆ ಹರಿಯುತ್ತಿತ್ತು, ಕಟ್ಟ ಎಲ್ಲಿ ಹಾಕುತ್ತಿದ್ದರು ಎಂದು ಕೇಳಿದ. ಅಮ್ಮ ಹೇಳುತ್ತಾ ಹೋದಳು. ಆ ವರ್ಷ ಡಿಸೆಂಬರಿನಲ್ಲಿ ಅವನೂ ಅವನ ಸಹಪಾಠಿಗಳೂ ಸೇರಿ ಕಟ್ಟ ಹಾಕಿದರು. ಎಲ್ಲರಿಗಿಂತ ಮುಂದೆ ಇದ್ದವನು ಅವನ ಗೆಳೆಯ, ಚಾರ್ಮಾಡಿಯ ಒಬ್ಬ ಬ್ಯಾರಿ ಹುಡುಗ. ಅವನ ಅಪ್ಪ ಗಲ್ಫಿನಲ್ಲಿ, ಮನೆಯವರದ್ದು ಚಾರ್ಮಾಡಿಯಲ್ಲಿ ಜೀನಸು ಅಂಗಡಿ. ಅಂಗಡಿಯ ಪಿಕಪ್‌ನಲ್ಲಿ ಖಾಲಿ ಗೊಬ್ಬರದ ಚೀಲಗಳನ್ನು ತಂದ. ಚೀಲಕ್ಕೆ ಹೊಯಿಗೆ, ಅಂದರೆ ಮರಳು, ತುಂಬಿಸಿ ಎರಡು ಸಾಲು ಇಟ್ಟು, ನಡುವೆ ಜೇಡಿಮಣ್ಣು ಹಾಕಿ ಕಾಲಿನಿಂದ ತುಳಿದು ಗಟ್ಟಿ ಮಾಡಿದರು.

ಊರವರು ದಡದಲ್ಲಿ ನಿಂತಿದ್ದರು. ಕೆಳಗೆ ಇಳಿಯಲಿಲ್ಲ.

“ಹವಾಮಾನ ಇಲಾಖೆ ಬಂತು!” ಎಂದು ಒಬ್ಬ ಕೂಗಿದ.

“ಫೋಟೋ ತೆಗೆದು ಆಯ್ತಾ? ಆದರೆ ಮನೆಗೆ ಹೋಗುವ,” ಎಂದ ಇನ್ನೊಬ್ಬ.

ತಮ್ಮನಿಗೆ ಆ ಹೆಸರೇ ಉಳಿಯಿತು. ಅಂಗಡಿಗೆ ಹೋದರೆ, “ಏನು ಹವಾಮಾನ, ಇವತ್ತು ಸೆಕೆ ಉಂಟಾ?” ಎನ್ನುತ್ತಿದ್ದರು. ಅವನು ನಗುತ್ತಿದ್ದ. ನಾನು ನಗುತ್ತಿರಲಿಲ್ಲ. ಮಾರ್ಚಿನಲ್ಲಿಯೂ ಬಾವಿಗಳಲ್ಲಿ ನೀರು ಉಳಿದಿತ್ತು. ದೊಡ್ಡಮನೆಯ ತೋಟಕ್ಕೆ ಪಂಪು ಇಟ್ಟರು. ಆಗ ಅದು ಹುಡುಗರ ಕಟ್ಟ ಅಲ್ಲ, ಊರಿನ ಕಟ್ಟ ಆಯಿತು. ಯಜಮಾನರು ನೆಂಟರನ್ನು ಕರೆದುಕೊಂಡು ಬಂದು ದಡದಲ್ಲಿ ನಿಂತು ತೋರಿಸುತ್ತಿದ್ದರು. “ನಮ್ಮ ಕಟ್ಟ,” ಎನ್ನುತ್ತಿದ್ದರು. ಒಂದು ಚೀಲ ಮಣ್ಣನ್ನೂ ಹೊರದವರ ಬಾಯಲ್ಲಿ ‘ನಮ್ಮ’ ಎಂಬ ಮಾತು ಎಷ್ಟು ಸಲೀಸಾಗಿ ಬರುತ್ತದೆ ಎಂದು ನಾನು ಆಗ ನೋಡಿದೆ.

ಇನ್ನು ಬಿಡಿಸುವ ವಿಷಯ. ಹಿಂದಿನ ಕಾಲದಲ್ಲಿ ಕಟ್ಟವನ್ನು ಪತ್ತನಾಜೆಯ ದಿನ ಬಿಡಿಸುತ್ತಿದ್ದರು. ತುಳು ತಿಂಗಳು ಬೇಶದ ಹತ್ತನೆಯ ದಿನ ಪತ್ತನಾಜೆ, ಮೇ ಕೊನೆಯ ವಾರದಲ್ಲಿ ಬರುತ್ತದೆ. ಅಂದಿಗೆ ಭೂತಗಳ ಕೋಲ ಮುಗಿಯುತ್ತದೆ, ಯಕ್ಷಗಾನದ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಇನ್ನು ಮಳೆ ಎಂದು ಎಲ್ಲರೂ ಮನೆಯ ಕಡೆ ತಿರುಗುತ್ತಾರೆ. ಕಟ್ಟ ಬಿಡಿಸುವ ದಿನ ಊರಿನವರೆಲ್ಲ ತೋಡಿಗೆ ಇಳಿದು ಮೀನು ಹಿಡಿಯುತ್ತಿದ್ದರು. ಆ ಮೀನನ್ನು ಪಾಲು ಮಾಡಿಕೊಳ್ಳುತ್ತಿದ್ದರು. ಅದೊಂದು ಹಬ್ಬ.

ಮೇ ತಿಂಗಳ ಮೊದಲ ವಾರದಲ್ಲಿ ದೊಡ್ಡಮನೆಯ ಚಾವಡಿಯಲ್ಲಿ ಊರವರನ್ನು ಕರೆದರು. ನಾವು ಹೆಂಗಸರು ಒಂದು ಬದಿಯಲ್ಲಿ ಕುಳಿತಿದ್ದೆವು. ತಮ್ಮ ಎದ್ದು ನಿಂತು ಮಾತಾಡಿದ. ಈ ಸಲ ಸಮುದ್ರದ ಕಡೆಯಿಂದ ಮೋಡ ಬೇಗ ಬರುತ್ತದೆ ಎನ್ನುತ್ತಾರೆ, ಘಾಟಿಯ ಮೇಲೆ ಒಂದೇ ಸಲ ಹೊಯ್ಯುವ ಮಳೆ ಈಗೀಗ ಹೆಚ್ಚು, ಇಲ್ಲಿ ಒಂದು ಹನಿ ಬೀಳದಿದ್ದರೂ ಮೇಲಿನಿಂದ ನೀರು ಬರಬಹುದು, ಕಟ್ಟ ಮುಚ್ಚಿಕೊಂಡು ಇದ್ದರೆ ಒಮ್ಮೆಲೇ ಒಡೆದು ಕೆಳಗಿನ ಎರಡು ಮನೆಗಳಿಗೆ ನುಗ್ಗುತ್ತದೆ. ಆದ್ದರಿಂದ ಈ ವಾರವೇ ಬಿಡಿಸುವ ಎಂದ. ಮೊಬೈಲಿನಲ್ಲಿ ಮೋಡದ ಚಿತ್ರ ತೋರಿಸಿದ.

“ನಿನ್ನ ಮೊಬೈಲಿಗೆ ಪತ್ತನಾಜೆ ಗೊತ್ತುಂಟಾ?” ಎಂದು ಯಜಮಾನರು ಕೇಳಿದರು. ಚಾವಡಿ ಇಡೀ ನಕ್ಕಿತು.

“ಮೊಬೈಲಿಗೆ ಗೊತ್ತಿಲ್ಲ,” ಎಂದ ತಮ್ಮ. “ಈಗ ಮಳೆಗೂ ಗೊತ್ತಿಲ್ಲ.”

ಯಾರೂ ನಗಲಿಲ್ಲ. ಯಜಮಾನರ ಮುಖ ಬಿಗಿಯಾಯಿತು.

“ನೋಡು, ನಿನ್ನ ಅಜ್ಜನ ಕಾಲದಿಂದ ಪತ್ತನಾಜೆಗೇ ಬಿಡಿಸಿದ್ದು. ಯಾರೂ ಮುಳುಗಿಲ್ಲ. ಮುಂಬೈಯಿಂದ ನನ್ನ ತಂಗಿಯವರೆಲ್ಲ ಬರ್ತಾರೆ. ಮೀನು ಹಿಡಿಯುವುದನ್ನು ಅವರ ಮಕ್ಕಳು ಕಂಡೇ ಇಲ್ಲ. ಹದಿನೈದು ದಿವಸದ ನೀರು ಅಂದರೆ ಸಣ್ಣ ನೀರಾ?”

“ಹಾಗಾದರೆ ನಡುವಲ್ಲಿ ಒಂದು ಬಾಯಿಯಾದರೂ ಬಿಡುವ. ಅರ್ಧ ನೀರು ಇರಲಿ, ಅರ್ಧ ಹೋಗಲಿ.”

“ಅರ್ಧ ಬಿಟ್ಟರೆ ಮೀನು ನಿಲ್ತದಾ ಮಾರಾಯ?” ಎಂದು ಹಿಂದಿನಿಂದ ಒಬ್ಬ.

ಕೈ ಎತ್ತಿ ಎಂದರು. ಪತ್ತನಾಜೆಗೆ ಎಂದು ಕೈಗಳು ಎದ್ದವು. ಕೆಳಗಿನ ಎರಡು ಮನೆಯವರ ಕೈಗಳೂ ಎದ್ದವು, ಏಕೆಂದರೆ ಅವರು ದೊಡ್ಡಮನೆಯ ತೋಟದಲ್ಲಿ ಕೆಲಸ ಮಾಡುವವರು. ತಮ್ಮ ಎದ್ದು ನನ್ನ ಜೊತೆ ಹೊರಟ. ನೀರು ಎಲ್ಲರದ್ದು, ಎಲ್ಲರೂ ಬೇಡ ಎಂದರೆ ನಾನು ಬಿಡಿಸುವ ಹಾಗಿಲ್ಲ ಎಂದು ದಾರಿಯಲ್ಲಿ ನನ್ನ ಹತ್ತಿರ ಹೇಳಿದ. ಹಿರಿಯರ ಮಾತು ಕೇಳಲಿಲ್ಲ ಎನ್ನುತ್ತಾರಲ್ಲ, ಅವನು ಕೇಳಿದ್ದು ಹೀಗೆ. ಅಂದಿನಿಂದ ಆ ಸೋಮವಾರದವರೆಗೆ ಕಟ್ಟದ ಒಂದು ಚೀಲವನ್ನೂ ಅವನು ಮುಟ್ಟಲಿಲ್ಲ.

ಕಾಲೇಜಿಗೆ ರಜೆ ಇದ್ದುದರಿಂದ ಸೋಮವಾರವೂ ತಮ್ಮ ಮನೆಯಲ್ಲಿದ್ದ. ಸಂಜೆ ನಮ್ಮಲ್ಲಿ ಬಿಸಿಲು ಇತ್ತು. ಹಪ್ಪಳ ಇನ್ನೂ ಚಾಪೆಯ ಮೇಲೆ ಇತ್ತು. ಘಾಟಿಯ ಕಡೆ ಮಾತ್ರ ಕಪ್ಪಾಗಿತ್ತು. ಚಾರ್ಮಾಡಿಯಿಂದ ಗೆಳೆಯನ ಫೋನು ಬಂತು. “ಇಲ್ಲಿ ಭಯಂಕರ ಮಳೆ ಮಾರಾಯ, ರಸ್ತೆ ಕಾಣುವುದಿಲ್ಲ. ನಿಮ್ಮ ತೋಡು ನೋಡಿಕೋ.” ತಮ್ಮ ಆಗಲೇ ಯಜಮಾನರಿಗೆ ಫೋನ್ ಮಾಡಿದ. ಸ್ಪೀಕರಿನಲ್ಲಿ ಹಾಕಿದ್ದ. ನಾನೂ ಅಮ್ಮನೂ ಕೇಳಿದೆವು.

“ಇಲ್ಲಿ ಬಿಸಿಲು ಉಂಟಲ್ಲ ಮಾರಾಯ,” ಎಂದರು ಯಜಮಾನರು. “ಪತ್ತನಾಜೆಗೆ ಇನ್ನು ಒಂದು ವಾರ. ಸುಮ್ಮನೆ ಇರು.”

“ಮೇಲೆ ಮಳೆ ಬರ್ತಾ ಉಂಟು ಅಂತ ಹೇಳ್ತಾ ಇದ್ದೇನೆ. ಬಾಯಿ ಬಿಡದಿದ್ದರೆ ಕೆಳಗಿನ ಮನೆ ಹೋಗ್ತದೆ. ನಾಲ್ಕು ಜನ ಕಳಿಸಿ.”

“ಡೈರಿಗೆ ಹಾಲು ಕೊಟ್ಟು ಬರುವ ಹೊತ್ತು ಈಗ. ಯಾರಿದ್ದಾರೆ? ನೋಡುವ.”

ಅವನು ಪಿಕ್ಕಾಸು ಹಿಡಿದುಕೊಂಡು ಓಡಿದ. ಮೊದಲು ಕೆಳಗಿನ ಮನೆಗಳ ಎದುರು ನಿಂತು ಮೇಲೆ ಹೋಗಿ, ಮೇಲೆ ಹೋಗಿ ಎಂದು ಕೂಗಿದ. ಅವರು ಮಕ್ಕಳನ್ನು ಎತ್ತಿಕೊಂಡು ರಸ್ತೆಗೆ ಬಂದರು. ಆಮೇಲೆ ಕಟ್ಟಕ್ಕೆ ಹೋದ. ನಾನು ತಲುಪುವಾಗ ಅವನು ನಡುವಿನ ಚೀಲಗಳನ್ನು ಎಳೆದು ಹಾಕಿ ಬಾಯಿ ತೆರೆದಿದ್ದ. ನೀರು ಆಗಲೇ ಕೆಂಪಾಗಿತ್ತು. ಅದು ಆ ಬಾಯಿಯಿಂದ ಹೋಗುತ್ತಿತ್ತು, ಒಮ್ಮೆಲೇ ಅಲ್ಲ, ಅವನು ಅಂದುಕೊಂಡ ಹಾಗೆಯೇ. “ಆಯ್ತು ಅಕ್ಕ, ನೀನು ಹತ್ತಿರ ಬರಬೇಡ,” ಎಂದು ಕೈ ತೋರಿಸಿದ. ಅವನು ನಿಂತಿದ್ದ ಬದಿಯ ದಡದ ದರೆ ಕುಸಿಯಿತು.

ದೊಡ್ಡಮನೆಯ ಆಳುಗಳು ಆಮೇಲೆ ಬಂದರು, ಹಗ್ಗ ಹಿಡಿದುಕೊಂಡು. ಮರುದಿನ ಬೆಳಗ್ಗೆ ಕೆಳಗಿನ ಸೇತುವೆಯ ಹತ್ತಿರ ಅವನು ಸಿಕ್ಕಿದ. ಆ ಎರಡು ಮನೆಗಳ ಮೆಟ್ಟಿಲಿಗೆ ಕೆಸರು ತಾಗಿತ್ತು. ಒಳಗೆ ನೀರು ಹೋಗಿರಲಿಲ್ಲ.

ಅವನ ಬೊಜ್ಜದ ಊಟಕ್ಕೆ, ಅಂದರೆ ಉತ್ತರಕ್ರಿಯೆಗೆ, ಊರು ಇಡೀ ಬಂತು. ಬಾಳೆಲೆಯ ಮುಂದೆ ಕುಳಿತು ಯಜಮಾನರು ಪಕ್ಕದವರ ಹತ್ತಿರ ಹೇಳಿದ್ದನ್ನು ನಾನು ಸಾರು ಬಡಿಸುತ್ತಾ ಕೇಳಿದೆ. “ಬಿಸಿರಕ್ತ. ಕಟ್ಟ ಅದರಷ್ಟಕ್ಕೆ ಹೋಗ್ತಿತ್ತು. ಇವನಿಗೆ ಯಾರು ಹೇಳಿದ್ದು ಇಳಿಯಲಿಕ್ಕೆ? ಈಗಿನ ಹುಡುಗರಿಗೆ ಹೇಳಿದ್ದು ತಲೆಗೆ ಹೋಗುವುದಿಲ್ಲ.” ಕೆಳಗಿನ ಮನೆಯವನು, ಮನೆಯೊಳಗೆ ನೀರು ನುಗ್ಗದೆ ಉಳಿದವನು, ತಲೆಯಾಡಿಸಿದ. ನನ್ನ ಕೈಯಲ್ಲಿದ್ದ ಸಾರು ಬಿಸಿಯಾಗಿತ್ತು. ಅದನ್ನು ಅವರ ಎಲೆಗೇ ಬಡಿಸಿದೆ. ಬೇರೆ ಎಲ್ಲಿಗೂ ಹಾಕಲಿಲ್ಲ ಎಂಬುದಕ್ಕೆ ನನ್ನನ್ನು ಒಳ್ಳೆಯವಳು ಎಂದು ಯಾರೂ ಭಾವಿಸಬಾರದು. ಅಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಮಳೆಗಾಲದಲ್ಲಿ ಬಂಟ್ವಾಳದಿಂದ ಒಂದು ಸಂಘದವರು ಬಂದರು. ಯುವಜನರು ಮತ್ತು ಹವಾಮಾನ ಬದಲಾವಣೆ ಎಂಬ ಕಾರ್ಯಕ್ರಮ, ತಮ್ಮನ ನೆನಪಿಗೆ. ನೀವು ಬರಲೇಬೇಕು ಎಂದರು. ಹೋದೆ. ಸಭಾಭವನದ ಎದುರು ದೊಡ್ಡ ಫ್ಲೆಕ್ಸು. ಯಾವುದೋ ಮದುವೆಯ ಫೋಟೋದಿಂದ ಅವನ ಮುಖವನ್ನು ಕತ್ತರಿಸಿ ಹಾಕಿದ್ದರು, ಹೆಗಲ ಮೇಲೆ ಬೇರೆ ಯಾರದೋ ಕೈ ಉಳಿದಿತ್ತು. ವೇದಿಕೆಯ ಮೇಲೆ ಪ್ಲಾಸ್ಟಿಕ್ ಬಾಟಲಿಗಳಲ್ಲಿ ನೀರು. ಸಾಲಿನ ನಡುವೆ ನಮ್ಮ ಊರಿನ ಯಜಮಾನರು ಕುಳಿತಿದ್ದರು. ಊಟದ ಖರ್ಚು ಅವರದ್ದಂತೆ.

ಒಬ್ಬರು ಬಹಳ ಹೊತ್ತು ಮಾತಾಡಿದರು. ಯುವಕರಲ್ಲಿ ಜಾಗೃತಿ ಬಂದಿದೆ, ಯುವಕರು ಮುಂದೆ ಬರಬೇಕು, ಭೂಮಿಯನ್ನು ಉಳಿಸುವ ಹೊಣೆ ಯುವಕರ ಮೇಲಿದೆ. ಮುಂದೆ ಬನ್ನಿ ಎನ್ನುವವರು ಯಾರೂ ತಮ್ಮ ಕುರ್ಚಿಯನ್ನು ಒಂದಿಷ್ಟು ಹಿಂದೆ ಸರಿಸಲಿಲ್ಲ. ಬಂದವನೊಬ್ಬ ಇದ್ದನಲ್ಲ, ಅವನನ್ನು ಕುಳ್ಳಿರಿಸಿದವರು ಯಾರೆಂದು ಕೇಳಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಶಾಲು ಹೊದಿಸಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿದ್ದ ಒಂದು ಗಿಡ ಕೊಟ್ಟು, ಎರಡು ಮಾತಾಡಿ ಎಂದರು.

ನಾನು ಮೈಕಿನಲ್ಲಿ ಮೊದಲ ಸಲ ಮಾತಾಡಿದ್ದು. “ನನ್ನ ತಮ್ಮ ಕಟ್ಟವನ್ನು ಬೇಗ ಬಿಡಿಸುವ ಎಂದು ಚಾವಡಿಯಲ್ಲಿ ಹೇಳಿದ್ದ. ಪತ್ತನಾಜೆಯ ಮೀನಿಗೆ ಬೇಕೆಂದು ಬಿಡಿಸಲಿಲ್ಲ. ಬೇಡ ಎಂದವರು ಇಲ್ಲಿಯೇ...”

ಕಾರ್ಯಕ್ರಮ ನಡೆಸುತ್ತಿದ್ದವರು ಮೆಲ್ಲಗೆ ಮೈಕು ತೆಗೆದುಕೊಂಡರು. “ದುಃಖದಲ್ಲಿ ಅಕ್ಕನಿಗೆ ಮಾತು ಹೊರಡುತ್ತಿಲ್ಲ, ನಮಗೆಲ್ಲ ಅರ್ಥವಾಗುತ್ತದೆ,” ಎಂದರು. ಮತ್ತೆ ಚಪ್ಪಾಳೆ. ನನಗೆ ಮಾತು ಸರಿಯಾಗಿಯೇ ಹೊರಟಿತ್ತು. ಗಿಡವನ್ನು ಕುರ್ಚಿಯ ಮೇಲೆ ಬಿಟ್ಟು ಬೆಳ್ತಂಗಡಿಯ ಬಸ್ಸು ಹತ್ತಿದೆ. ಬಂಟ್ವಾಳ ದಾಟುವವರೆಗೆ ಪಕ್ಕದಲ್ಲಿ ನೇತ್ರಾವತಿ ಕೆಂಪಾಗಿ ಹರಿಯುತ್ತಿತ್ತು. ನಾನು ಇನ್ನೊಂದು ಕಿಟಕಿಯ ಕಡೆ ಕುಳಿತೆ.

ಡಿಸೆಂಬರಿನಲ್ಲಿ ತಮ್ಮನ ಗೆಳೆಯ ಬಂದ. ಜೊತೆಯಲ್ಲಿ ಕಾಲೇಜಿನ ಒಂದಿಷ್ಟು ಹುಡುಗ ಹುಡುಗಿಯರು. ಈ ವರ್ಷವೂ ಕಟ್ಟ ಹಾಕುತ್ತೇವೆ ಎಂದರು. ಜಗಲಿಗೆ ಹತ್ತಲು ನಾನು ಹೇಳಲಿಲ್ಲ.

“ಇನ್ನು ಯಾರ ಮನೆಯ ತಮ್ಮ ಬೇಕು ನಿಮಗೆ?” ಎಂದೆ.

ಒಬ್ಬಳು ಹುಡುಗಿ ಅತ್ತಳು. ನನಗೆ ಕನಿಕರ ಬರಲಿಲ್ಲ. ಗೆಳೆಯ ಮಾತ್ರ ನಿಂತೇ ಇದ್ದ.

“ಬಯ್ಯಿ ಅಕ್ಕ. ಬಯ್ದು ಮುಗಿದ ಮೇಲೆ ಹೇಳ್ತೇನೆ.”

“ಮುಗಿಯುವುದಿಲ್ಲ. ಹೇಳು.”

“ಕಟ್ಟ ಹಾಕದಿದ್ದರೆ ನಿಮ್ಮ ಬಾವಿ ಬತ್ತುತ್ತದೆ. ಅವನು ಹೇಳಿದ ಹಾಗೆ ಬೇಗ ಬಿಡಿಸುವುದಕ್ಕೆ ಒಪ್ಪಿದರೆ ಮಾತ್ರ ಹಾಕುವುದು. ಇಲ್ಲದಿದ್ದರೆ ಒಂದು ಚೀಲ ಇಳಿಸುವುದಿಲ್ಲ ಅಂತ ಚಾವಡಿಯಲ್ಲಿ ಹೇಳುವ. ನೀನೂ ಬಾ.”

ಅಮ್ಮ ಒಳಗಿನಿಂದ ಬೆಲ್ಲ, ನೀರು ತಂದು ಅವರಿಗೆ ಕೊಟ್ಟಳು. ನನ್ನನ್ನು ಕೇಳಲಿಲ್ಲ.

ಚಾವಡಿಗೆ ಹೋದೆವು. ಹುಡುಗರು ಗಟ್ಟಿಯಾಗಿಯೇ ಮಾತಾಡಿದರು. ಕಳೆದ ಸಲ ನಕ್ಕವರು ಈ ಸಲ ನೆಲ ನೋಡುತ್ತಿದ್ದರು. ಯಜಮಾನರು ಎಲೆಯಡಿಕೆ ಉಗುಳಿ ಬಂದು ಕುಳಿತು ಒಪ್ಪಿದರು. ಮೇ ತಿಂಗಳು ಹುಟ್ಟುತ್ತಲೇ ಬಿಡಿಸುವುದು, ಮೇಲೆ ಗುಡುಗು ಕೇಳಿದರೆ ಅದಕ್ಕಿಂತಲೂ ಮೊದಲು. ಕಟ್ಟಕ್ಕೆ ನಿನ್ನ ತಮ್ಮನ ಹೆಸರಿನ ಬೋರ್ಡು ನಾನೇ ಮಾಡಿಸುತ್ತೇನೆ ಎಂದೂ ಹೇಳಿದರು.

ನಾನು ಎದ್ದು ನಿಂತೆ. “ಬೋರ್ಡು ಬೇಡ. ಕಳೆದ ಮೇ ತಿಂಗಳಲ್ಲಿ ಇದೇ ಜಾಗದಲ್ಲಿ ಅವನು ಇದನ್ನೇ ಹೇಳಿದ್ದ. ಅವನು ಹೇಳಿದ್ದು ಸರಿಯಿತ್ತು, ನಾವು ಕೇಳಲಿಲ್ಲ ಅಂತ ನೀವು ಒಂದು ಮಾತು ಹೇಳಿ. ಸಾಕು.”

“ಅದೆಲ್ಲ ಆಗಿ ಹೋಯ್ತಲ್ಲ ಮಗ. ಸತ್ತವರ ಮೇಲೆ ಚರ್ಚೆ ಬೇಡ.”

“ಅವನಿಗೆ ಅವಸರ ಇತ್ತು ಅಂತ ಬೊಜ್ಜದ ಊಟದಲ್ಲಿ ನೀವು ಹೇಳಿದಿರಿ. ಅದು ಚರ್ಚೆ ಅಲ್ಲವಾ?”

“ಏ, ಕುಳಿತುಕೋ ನೀನು,” ಎಂದು ಕೆಳಗಿನ ಮನೆಯವನು ನನಗೆ ಹೇಳಿದ. “ಯಜಮಾನರು ಒಪ್ಪಿದ್ದಾರಲ್ಲ. ಇನ್ನೇನು ಬೇಕು ನಿನಗೆ?”

ನಾನು ಕುಳಿತುಕೊಳ್ಳಲಿಲ್ಲ. ಯಜಮಾನರು ಎದ್ದು ಒಳಗೆ ಹೋದರು. ಸಭೆ ಮುಗಿಯಿತು ಎಂದರು.

ಕಟ್ಟ ಹಾಕಿದರು. ಈ ಸಲ ದಡದಲ್ಲಿ ನಿಂತು ನೋಡಿದವರು ಕಡಿಮೆ, ಇಳಿದವರು ಹೆಚ್ಚು. ದಡ ಕುಸಿದ ಕಡೆ ಕಲ್ಲು ಕಟ್ಟಿದರು. ನಾನು ಹೋಗಲಿಲ್ಲ. ಬೇಸಗೆಯಿಡೀ ನಮ್ಮ ಬಾವಿಯಲ್ಲಿ ನೀರು ಇತ್ತು, ಅದನ್ನು ನಾನು ಸೇದಿದೆ, ಕುಡಿದೆ. ಮೇ ತಿಂಗಳು ಹುಟ್ಟಿದ ವಾರವೇ ಹುಡುಗರು ಬಂದು ಕಟ್ಟ ಬಿಡಿಸಿದರು. ಬೋರ್ಡು ಇಲ್ಲ, ಮೀನಿನ ಗೌಜಿ ಇಲ್ಲ. ಪತ್ತನಾಜೆಗೆ ಮೊದಲೇ ತೋಡು ತುಂಬಿ ಹರಿಯಿತು. ಯಾವ ಮನೆಗೂ ಕೆಸರು ತಾಗಲಿಲ್ಲ. ಹುಡುಗರು ಒಳ್ಳೆಯ ಕೆಲಸ ಮಾಡಿದರು ಎಂದು ಅಂಗಡಿಯಲ್ಲಿ ಎಲ್ಲರೂ ಹೇಳುತ್ತಾರೆ. ಯಜಮಾನರೂ ಹೇಳುತ್ತಾರೆ, ಹಿಂದಿನ ಹಾಗೆ ಪತ್ತನಾಜೆಯನ್ನು ಕಾಯುವ ಕಾಲ ಇದಲ್ಲ ಎಂದು, ಅದು ತಮಗೆ ಮೊದಲಿನಿಂದಲೂ ಗೊತ್ತಿತ್ತು ಎಂಬಂತೆ.

ನನ್ನ ತಮ್ಮ ಹೇಳಿದ್ದು ಸರಿಯಿತ್ತು ಎಂದು ಆ ಚಾವಡಿಯಲ್ಲಿ ಇನ್ನೂ ಯಾರೂ ಹೇಳಿಲ್ಲ.